ಸೊನ್ನೆಯ ಹಾದಿ

ವಿಕಿಪೀಡಿಯದಲ್ಲಿ ಟೆಂಪ್ಲೇಟು ಕೈಕೊಟ್ಟರೆ ಎಲ್ಲರೂ ಮೊದಲು ಬೈಯುವುದು ಟೆಂಪ್ಲೇಟನ್ನೇ. ಅದರ ಒಳಹೊಕ್ಕು ನೋಡಿದರೆ ಬರೀ ಸುರುಳಿ ಆವರಣ, ಉದ್ದಗೀಟು. ಅನುಮಾನ ಬರುವುದು ಸಹಜವೇ. ಆದರೂ ಕನ್ನಡದಲ್ಲಿ ಬರೆಯುವವರು ಅಲ್ಲಿಗೆ ಕೈಹಾಕುವ ಮೊದಲು ತಾವು ತುಂಬಿದ ಅಕ್ಷರಗಳನ್ನೊಮ್ಮೆ ನೋಡಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಯ ಕಡೆಗೆ ಹೊರಡುವ ರೈಲು ಹಾದಿಯನ್ನೇ ನೋಡಿ. ಬೆಮಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಈ ಹೆಸರುಗಳನ್ನು ಎಲ್ಲಿಂದಲೋ ನಕಲು ಮಾಡಿ ನಿಲ್ದಾಣಗಳ ಟೆಂಪ್ಲೇಟಿಗೆ ಅಂಟಿಸಿದಿರಿ ಅನ್ನಿ. ಊರಿಗಾಂ ಪುಟ ಇದೆ, ಹೆಸರಲ್ಲಿ ತಪ್ಪು ಕಾಣುವುದಿಲ್ಲ, ಕೊಂಡಿ ಮಾತ್ರ ಪುಟವೇ ಇಲ್ಲವೆಂಬಂತೆ ಕೆಂಪು. ಕಾರಣ ಕೊನೆಯ ಸೊನ್ನೆ. ನಾವು ಅನುಸ್ವಾರವನ್ನೂ ಸೊನ್ನೆ ಅನ್ನುತ್ತೇವೆ, ಅಂಕಿಯನ್ನೂ ಸೊನ್ನೆ ಅನ್ನುತ್ತೇವೆ. ಯೂನಿಕೋಡಿಗೆ ಅವೆರಡೂ ಬೇರೆ. 'ಊರಿಗಾಂ' ಮತ್ತು 'ಊರಿಗಾ೦' ಕಣ್ಣಿಗೆ ಒಂದೇ ಊರು, ವಿಕಿಗೆ ಎರಡು. ಸ್ಕ್ಯಾನ್ ಮಾಡಿ ಓಸಿಆರ್‌ನಿಂದ ತೆಗೆದ ಪಠ್ಯದಲ್ಲಿ, ಹಳೆಯ ಫಾಂಟಿನಿಂದ ಬದಲಿಸಿದ ಕಡತದಲ್ಲಿ ಈ ಅಂಕಿ ಬಂದು ಕೂತಿರುವುದುಂಟು. ಈ ಹಾದಿಯಲ್ಲಂತೂ ಸೊನ್ನೆ ತಪ್ಪಿಸಿಕೊಂಡ ನಿಲ್ದಾಣ ಬೆಮಲ್ ನಗರ ಒಂದೇ. ಬಿಇಎಂಎಲ್ ಎಂದು ಬರೆದರೆ ಅದಕ್ಕೂ ಬಂತು. ಪತ್ತೆ ಸುಲಭ: ಬ್ರೌಸರಿನ ಹುಡುಕು ಪೆಟ್ಟಿಗೆಯಲ್ಲಿ ಹೆಸರನ್ನು ಕೈಯಾರೆ ಟೈಪಿಸಿ. ಎದುರಿಗಿರುವ ಹೆಸರು ಸಿಗದಿದ್ದರೆ ಅದು ಅಂಕಿಯೇ ಇರಬಹುದು.

ಕೋರಮಂಡಲ್, ಚಾಂಪಿಯನ್‌ಗಳ ಪಾಡು ಇನ್ನೊಂದು. ಕೊನೆಯ ಅರ್ಧಾಕ್ಷರದ ಬಳಿಕ ಕಣ್ಣಿಗೆ ಕಾಣದ ಒಂದು ಸಂಕೇತ ಅಂಟಿಕೊಂಡಿರಬಹುದು. ಶೀರ್ಷಿಕೆಯಲ್ಲಿದ್ದು ಕೊಂಡಿಯಲ್ಲಿ ಇಲ್ಲದಿದ್ದರೂ ಸಾಕು, ಎರಡೂ ಕೂಡುವುದಿಲ್ಲ. ಅನುಮಾನ ಬಂದರೆ ಹೆಸರನ್ನು ಅಳಿಸಿ ಹೊಸದಾಗಿ ಟೈಪಿಸುವುದೇ ಮೇಲು.

ಇನ್ನು ಇಸವಿಯ ವಿಷಯ. ಆ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಗಣಿ ಕೆಲಸ ಮಾಡುತ್ತಿದ್ದ ದಿನಗಳನ್ನು ನಮ್ಮ ವಿಕಿ ನೋಡಲೇ ಇಲ್ಲ. ಹಾಗಾಗಿ ಆ ತಾರೀಕು ಪುಟದಲ್ಲಿ ನೆಟ್ಟಗೆ ಇರಬೇಕೆಂಬ ಹಂಬಲ ನನಗೆ. ಮಾಹಿತಿಚೌಕದಲ್ಲಿ ಮುಚ್ಚಿ ಎಷ್ಟು ವರ್ಷವಾಯಿತೆಂದು ತಾನೇ ಎಣಿಸುವ ಟೆಂಪ್ಲೇಟು ಹಾಕಿ, ಪ್ರೀತಿಯಿಂದ ೨೦೦೧ ಎಂದು ಬರೆದರೆ ಕೆಂಪಕ್ಷರದ ದೋಷಸೂಚನೆ ಬರಬಹುದು. ಲೆಕ್ಕ ಮಾಡುವ ಸೂತ್ರಕ್ಕೆ ಕನ್ನಡ ಅಂಕಿ ಅರ್ಥವಾಗುವುದಿಲ್ಲ. ಓದುವ ವಾಕ್ಯದಲ್ಲಿ ಕನ್ನಡ ಅಂಕಿ ಇರಲಿ. ಲೆಕ್ಕಕ್ಕೆ ಹೋಗುವಲ್ಲಿ 2001 ಎಂದೇ ಕೊಡಿ.

ವೆಬ್ ವಿಳಾಸದೊಳಗಿನ = ಚಿಹ್ನೆಯ ಕಾಟ ಎಲ್ಲ ಭಾಷೆಯವರಿಗೂ ಇದ್ದದ್ದೇ. ಹೆಸರಿಲ್ಲದೆ ಕೊಟ್ಟ ಮೌಲ್ಯದಲ್ಲಿ ಅದು ಬಂದರೆ, ಅದರ ಎಡಗಡೆಯದನ್ನೆಲ್ಲ ಟೆಂಪ್ಲೇಟು ಹೆಸರೆಂದು ತಿಳಿದು ಇಡೀ ವಿಳಾಸವನ್ನೇ ಮರೆಮಾಡುತ್ತದೆ. ಮೌಲ್ಯದ ಮೊದಲಿಗೆ 1= ಸೇರಿಸಿದರೆ ಸರಿಹೋಗುತ್ತದೆ.

ನನಗೆ ನಿಜಕ್ಕೂ ಸಂಕಟವಾಗುವುದು ಸರಿಮಾಡಿದ ಮೇಲೆ ಆಗುವ ಅವಸರ ಕಂಡು. ಟೆಂಪ್ಲೇಟು ತಿದ್ದಿ ಉಳಿಸಿದ ಕೂಡಲೆ ಅದನ್ನು ಬಳಸುವ ಪುಟಗಳೆಲ್ಲ ಒಟ್ಟಿಗೇ ಬದಲಾಗುವುದಿಲ್ಲ. ಸರದಿಯ ಮೇಲೆ ಹೊಸದಾಗುತ್ತವೆ. ಬಂಗಾರಪೇಟೆಯ ಪುಟ ಸರಿಹೋಗಿರುತ್ತದೆ, ಊರಿಗಾಂ ಪುಟ ಹಳೆಯ ರೂಪದಲ್ಲೇ ಇರುತ್ತದೆ. ತಿದ್ದಿದ್ದು ಫಲಿಸಲಿಲ್ಲವೆಂದು ಮತ್ತೆ ಕೈಯಾಡಿಸಿ, ಸರಿಯಿದ್ದದ್ದನ್ನೂ ಕೆಡಿಸಿಬಿಡುತ್ತಾರೆ. ಊರಿಗಾಂ ಪುಟವನ್ನು ಸಂಪಾದನೆಗೆ ತೆರೆದು, ಏನೂ ಬದಲಿಸದೆ ಉಳಿಸಿ. ಹೊಸ ರೂಪ ಬರುತ್ತದೆ. ಪ್ರಯೋಗ ಮಾಡಲೇಬೇಕಿದ್ದರೆ ಪ್ರಯೋಗಪುಟವಿದೆ.

ಇಂಗ್ಲಿಷಿನಿಂದ ತಂದ ಟೆಂಪ್ಲೇಟುಗಳ ಜೊತೆ ಎಷ್ಟೋ ಸಲ ವಿವರಣೆಯೂ ಇಂಗ್ಲಿಷಿನಲ್ಲೇ ಬಂದು ಕೂತಿರುತ್ತದೆ. ಅದರಲ್ಲಿ ಅನುಸ್ವಾರದ ಮಾತು ಹೇಗೆ ಬರಬೇಕು? ಅದನ್ನು ನಾವೇ ಕನ್ನಡದಲ್ಲಿ ಬರೆದಿಡಬೇಕು. ಆಂಡರ್ಸನ್‌ಪೇಟೆಯಲ್ಲೋ ರಾಬರ್ಟ್‌ಸನ್‌ಪೇಟೆಯಲ್ಲೋ ಗಣಿಯ ಒಂದೊಂದು ಶಾಫ್ಟಿನ ಹೆಸರೂ ಬಲ್ಲ ಹಿರಿಯರು ಇದ್ದಾರೆ. ಅವರು ಬರೆಯಲು ಕೂತ ದಿನ ಒಂದು ಸೊನ್ನೆಗೆ ಬೇಸತ್ತು ಎದ್ದುಹೋಗಬಾರದು.