ಅಕ್ಕಿ ಡಬ್ಬ ಎಲ್ಲಿಡೋದು?

ಕೊಡಗಿನ ಕಕ್ಕಡ ತಿಂಗಳ ಮಳೆ. ಶಾಲೆಗೆ ರಜೆ ಸಿಕ್ಕಿದೆ. ಹುಣಸೂರು–ಗೋಣಿಕೊಪ್ಪ ರಸ್ತೆಯ ತಿತಿಮತಿಯಲ್ಲಿ ಬಸ್ಸಿಳಿದು, ಕಾಫಿ ತೋಟದ ಕೆಸರು ದಾರಿ ಸವೆಸಿ, ಒಂದಕ್ಕೊಂದು ಅಂಟಿದ ಕಾರ್ಮಿಕರ ಲೈನ್ ಮನೆಗಳಲ್ಲೊಂದರ ಜಗಲಿಗೆ ಕೊಡೆ ಮಡಚಿ ಹತ್ತುತ್ತೀರಿ. ಕಾಲಿಡಲು ಜಾಗವಿಲ್ಲ. ನೆಲದ ತುಂಬ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಬೆಂಕಿಪೊಟ್ಟಣ, ಅಡಕೆ ಹಾಳೆ, ತೊಳೆದು ಒಣಗಿಸಿದ ಹಾಲಿನ ಕವರು, ಬಾಟಲಿ ಮುಚ್ಚಳ. ಈಗಷ್ಟೇ ಒಲೆಯಿಂದಿಳಿದ ಮೈದಾ ಅಂಟು ಹಬೆಯಾಡುತ್ತಿದೆ.

"ತುಳೀಬೇಡಿ, ಅದು ಅಡುಗೆಮನೆ!"

ಮಕ್ಕಳು ಕಟ್ಟುತ್ತಿರುವ ಗೊಂಬೆಮನೆಯ ಗೋಡೆ ಮಾತ್ರ ನಿಲ್ಲುತ್ತಿಲ್ಲ. ಮೇಲಿಂದ ಒತ್ತಿದರೆ ಸೊಂಟ ಮುರಿದುಕೊಳ್ಳುತ್ತದೆ. ಅಣ್ಣ ರಟ್ಟಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿಯುತ್ತಾನೆ. ಒಳಗೆ ಅಲೆಅಲೆಯಾದ ಕಾಗದ, ಅಲೆಗಳು ಅಡ್ಡ ಮಲಗಿವೆ. ಅವು ನೆಟ್ಟಗೆ ನಿಲ್ಲುವಂತೆ ಇನ್ನೊಂದು ತುಂಡು ಕತ್ತರಿಸುತ್ತಾನೆ. ಈಗ ಪಾಠಪುಸ್ತಕ ಪೇರಿಸಿದರೂ ಜಗ್ಗುವುದಿಲ್ಲ. ಇದನ್ನು ಯಾರಾದರೂ ಕೂರಿಸಿಕೊಂಡು ವಿವರಿಸಿದ್ದರೆ ಅವನು ಕೇಳುತ್ತಿದ್ದನೇ ಎಂಬುದು ನನ್ನ ಅನುಮಾನ.

ಪಕ್ಕದ ಮನೆಯ ಹುಡುಗಿ ತನ್ನ ಗೊಂಬೆಮನೆಯನ್ನೂ ಈ ಗೋಡೆಗೇ ಅಂಟಿಸುತ್ತಾಳೆ. ಲೈನ್ ಮನೆಯಲ್ಲಿ ಬೆಳೆದವಳಿಗೆ ನಡುಗೋಡೆ ಇಬ್ಬರದೂ ಎಂದು ಯಾರೂ ಹೇಳಿಕೊಡಬೇಕಿಲ್ಲ. ಎರಡು ಮನೆಗೆ ಎಂಟು ಗೋಡೆಯ ಬದಲು ಏಳು ಸಾಕು. ಉಳಿದ ರಟ್ಟಿನಲ್ಲಿ ಮಂಚ. ಕೊಡವರ ಮೂಲಮನೆಯಾದ ಐನ್‌ಮನೆಯ ಮಕ್ಕಳಾಗಿದ್ದರೆ ಮೊದಲು ಕಂಬಗಳ ನಡುವೆ ಕೂರುವ ಹಲಗೆ, ಐಮರ, ಇಡುತ್ತಿದ್ದರೇನೋ.

ಹೊಸದೆಹಲಿಯ ನಕ್ಷೆ ಬರೆದ ಲಟ್ಯೆನ್ಸ್ 1921ರಿಂದ 1924ರವರೆಗೆ ಇಂಗ್ಲೆಂಡಿನ ರಾಣಿ ಮೇರಿಗೊಂದು ಗೊಂಬೆಮನೆ ಕಟ್ಟಿಸಿದ. ಅಡಿಗೆ ಒಂದು ಇಂಚಿನ ಲೆಕ್ಕ. ನಲ್ಲಿಯಲ್ಲಿ ನೀರು, ವಿದ್ಯುತ್ ದೀಪ, ಲಿಫ್ಟು ಕೂಡ! ಆದರೆ ಈ ಜಗಲಿಯ ಪ್ರಶ್ನೆ ಅವನಿಗೆ ಎದುರಾಗಿರಲಾರದು.

"ಅಕ್ಕಿ ಡಬ್ಬ ಎಲ್ಲಿಡೋದು?"

ತಮ್ಮ ಅದನ್ನು ಹಿಂಗೋಡೆಗೆ ಒರಗಿಸಿದ್ದಾನೆ. ಅಕ್ಕ ರೇಗುತ್ತಾಳೆ: "ಅಲ್ಲಿಟ್ರೆ ವಾಸನೆಗೆ ಆನೆ ಬಂದು ಗೋಡೆ ಒಡೆಯುತ್ತೆ ಕಣೋ."

ನಾಗರಹೊಳೆ ಕಾಡು ಊರಿನ ಬೆನ್ನಿಗೇ ಇದೆ. ಹಲಸು ಹಣ್ಣಾದಾಗ ತೋಟಕ್ಕೆ ಆನೆ ಇಳಿಯುವುದು ಇವರಿಗೆ ಸುದ್ದಿಯೇ ಅಲ್ಲ. ಡಬ್ಬ ನಡುಕೋಣೆಗೆ ಬರುತ್ತದೆ. ಹಾಗಾದರೆ ಅಜ್ಜಿ ಎಲ್ಲಿ ಮಲಗಬೇಕು? ಮಂಚ ಸರಿಯುತ್ತದೆ, ಮಂಚಕ್ಕಾಗಿ ಬಾಗಿಲು ಸರಿಯುತ್ತದೆ, ಅಂಟಿಸಿದ್ದನ್ನು ಕಿತ್ತು ಮತ್ತೆ ಅಂಟಿಸುತ್ತಾರೆ. ಗೊಂಬೆಮನೆ ಹೆಣ್ಣುಮಕ್ಕಳ ಆಟ ಎನ್ನುವವರನ್ನು ಈ ಜಗಳದ ನಡುವೆ ತಂದು ಕೂರಿಸಬೇಕು. ಅಣ್ಣ ಕಾಡಂಚಿನಲ್ಲಿ ಕಂಡ, ಆನೆ ತಡೆಯುವ ರೈಲು ಕಂಬಿಯ ಬೇಲಿಯನ್ನು ಪೊರಕೆಕಡ್ಡಿಯಲ್ಲಿ ಕಟ್ಟತೊಡಗಿದ್ದಾನೆ.

ಹಾಳೆಯ ಮಾಡಿನ ಮೇಲೆ ಒಂದು ಚೊಂಬು ನೀರು. ಮೂಲೆ ಸೋರುತ್ತದೆ. ಹಾಲಿನ ಕವರು ಒಳಗೆ ಸೇರುತ್ತದೆ.

ಕೊನೆಗೆ ಬರುವ ಬಟ್ಟೆಚೂರಿನ ಗೊಂಬೆ ಬಾಗಿಲಿಗಿಂತ ಉದ್ದ. ಬಾಗಿಲು ಕೊರೆಯಲು ಅಣ್ಣ ಕತ್ತರಿ ಎತ್ತುತ್ತಾನೆ. ತಮ್ಮ ತಡೆಯುತ್ತಾನೆ: "ಬಗ್ಗಿ ಹೋಗ್ಲಿ ಬಿಡೋ. ನಮ್ಮಪ್ಪ ದಿನಾ ಬಗ್ಗೇ ಹೋಗೋದಲ್ವಾ?"