ಕಿರೀಟ ಕಾಣದ ಜಟ್ಟಿ

ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಟೂವಾಂಗ್ ಸ್ಮಶಾನದಲ್ಲಿ ಒಬ್ಬ ಮುಷ್ಟಿಮಲ್ಲನ ಸಮಾಧಿಯಿದೆ. ಆತ ಆ ನೆಲದಲ್ಲಿ ಹುಟ್ಟಿದವನಲ್ಲ. ಆ ನೆಲದ ಜನರ ಬಣ್ಣದವನೂ ಅಲ್ಲ. ಆದರೂ ಸಾರ್ವಜನಿಕರು ತಾವಾಗಿ ಹಣ ಕೂಡಿಸಿ ಆ ಕಲ್ಲನ್ನು ನಿಲ್ಲಿಸಿದರು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಕೊನೆಯಲ್ಲಿ ಬ್ರೂಟಸನ ಕಳೇಬರದ ಮುಂದೆ ಆಂಟನಿ ಆಡುವ ಮಾತೊಂದನ್ನು ಅದರ ಮೇಲೆ ಕೆತ್ತಿಸಿದರು. ಎದುರಾಳಿಯ ಮನುಷ್ಯತ್ವವನ್ನು ಎದುರಾಳಿಯೇ ಒಪ್ಪಿಕೊಳ್ಳುವ ಮಾತು ಅದು.

ಆ ಸಮಾಧಿ ಪೀಟರ್ ಜಾಕ್ಸನ್ನನದು.

ವೆಸ್ಟ್ ಇಂಡೀಸಿನ ಸೇಂಟ್ ಕ್ರಾಯ್ ದ್ವೀಪವು ಆ ಕಾಲದಲ್ಲಿ ಡೆನ್ಮಾರ್ಕಿನ ಅಧೀನದಲ್ಲಿತ್ತು. ಕಬ್ಬಿನ ತೋಟಗಳ ಆ ಸೀಮೆಯಲ್ಲಿ ಗುಲಾಮಗಿರಿ ಕೊನೆಗಂಡುದು 1848ರಲ್ಲಿ. ಹದಿಮೂರು ವರ್ಷಗಳ ತರುವಾಯ, 1861ರಲ್ಲಿ, ಅಲ್ಲಿನ ಫ್ರೆಡೆರಿಕ್‌ಸ್ಟೆಡ್ ಎಂಬ ಊರಿನಲ್ಲಿ ಜಾಕ್ಸನ್ ಜನಿಸಿದ. ಬಡವರ ಮನೆಯ ಹುಡುಗನಿಗೆ ಕಡಲೇ ಹೆದ್ದಾರಿ. ಹಡಗಿನ ಆಳಾಗಿ ಹೊರಟ ಆತ ಸಿಡ್ನಿ ಬಂದರಿಗೆ ಬಂದಿಳಿದಾಗ ಇಪ್ಪತ್ತರ ಆಸುಪಾಸಿನ ತರುಣ. ಆರು ಅಡಿಗೂ ಮಿಗಿಲಾದ ಎತ್ತರ, ನೀಳವಾದ ತೋಳು, ಬೆಕ್ಕಿನ ಹೆಜ್ಜೆ! ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಆ ದೇಹವು ಲ್ಯಾರಿ ಫೋಲಿಯ ಕಣ್ಣಿಗೆ ಬೀಳದಿರಲು ಸಾಧ್ಯವೆ?

ಫೋಲಿ ಆಸ್ಟ್ರೇಲಿಯದ ಮುಷ್ಟಿಯುದ್ಧಕ್ಕೆ ಗುರುವಿನಂತಿದ್ದವನು. ಸಿಡ್ನಿಯ ಆತನ ಹೋಟೆಲಿನಲ್ಲಿಯೇ ಗರಡಿ. ಆ ಗರಡಿಯಲ್ಲಿ ಪಳಗಿದವರಲ್ಲಿ ಇನ್ನೊಬ್ಬ ವಲಸೆಗಾರನೂ ಇದ್ದ. ಇಂಗ್ಲೆಂಡಿನಲ್ಲಿ ಹುಟ್ಟಿ, ನ್ಯೂಜಿಲೆಂಡಿನಲ್ಲಿ ಬೆಳೆದ ಬಾಬ್ ಫಿಟ್ಸಿಮನ್ಸ್. ಓದುಗರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಜಾಕ್ಸನ್ 1884ರಲ್ಲಿ ಬಿಲ್ ಫಾರ್ನನ್ ಎಂಬುವನ ಕೈಯಲ್ಲಿ ಸೋತ. ಸೋಲು ಆತನನ್ನು ಕುಗ್ಗಿಸಲಿಲ್ಲ, ತಿದ್ದಿತು. ಎರಡೇ ವರ್ಷಗಳಲ್ಲಿ, 1886ರಲ್ಲಿ, ಟಾಮ್ ಲೀಸ್‌ನನ್ನು 30 ಸುತ್ತುಗಳ ಕಾಳಗದಲ್ಲಿ ಸೋಲಿಸಿ ಆತ ಆಸ್ಟ್ರೇಲಿಯದ ಹೆವಿವೇಯ್ಟ್ ಚಾಂಪಿಯನ್ ಎನಿಸಿಕೊಂಡ. ಹೊರಗಿನಿಂದ ಬಂದ ಕರಿಯ ನಾವಿಕನನ್ನು ಆ ನಾಡು ತನ್ನವನೆಂದು ಎತ್ತಿಕೊಂಡಿತು. ಇನ್ನು ಉಳಿದುದು ಜಗತ್ತಿನ ಕಿರೀಟ. ಅದು ಅಮೆರಿಕದಲ್ಲಿ ಜಾನ್ ಎಲ್. ಸಲಿವನ್ನನ ತಲೆಯ ಮೇಲಿತ್ತು.

1888ರಲ್ಲಿ ಜಾಕ್ಸನ್ ಸಾನ್‌ಫ್ರಾನ್ಸಿಸ್ಕೋ ನಗರಕ್ಕೆ ಬಂದ. ಆ ವರ್ಷವೇ ಅಮೆರಿಕದ ಕರಿಯ ಮಲ್ಲರ ಮುಂದಾಳು ಜಾರ್ಜ್ ಗಾಡ್‌ಫ್ರೆಯನ್ನು 19 ಸುತ್ತುಗಳಲ್ಲಿ ಗೆದ್ದ. ಜೋ ಮೆಕಾಲಿಫ್ ಎಂಬ ಭಾರೀ ಬಿಳಿಯ ಜಟ್ಟಿಯನ್ನು 24 ಸುತ್ತುಗಳಲ್ಲಿ ಉರುಳಿಸಿದ. ಮರುವರ್ಷ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಜೆಮ್ ಸ್ಮಿತ್‌ನನ್ನೂ ಗೆದ್ದುಬಂದ. ಇಷ್ಟಾದ ಮೇಲೂ ಸಲಿವನ್ ಬಾಗಿಲು ತೆರೆಯಲಿಲ್ಲ. ಕರಿಯನೊಡನೆ ತಾನು ಸೆಣಸುವುದಿಲ್ಲವೆಂದು ಆತ ಬಹಿರಂಗವಾಗಿಯೇ ಸಾರಿದ್ದ. ‘ವರ್ಣರೇಖೆ’ ಎಂದು ಅದಕ್ಕೆ ಹೆಸರು. ಕಣದ ಸುತ್ತ ಕಟ್ಟಿದ ಹಗ್ಗವನ್ನು ಯಾರು ಬೇಕಾದರೂ ನೋಡಬಹುದು. ಈ ರೇಖೆ ಕಣ್ಣಿಗೆ ಕಾಣದು. ಕಾಣದ ಗೋಡೆಗೆ ಗುದ್ದುವುದಾದರೂ ಹೇಗೆ?

ಆಗ ಮುಂದೆ ಬಂದವನು ಜಿಮ್ ಕಾರ್ಬೆಟ್. 1891ರ ಮೇ 21ರಂದು ಸಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯ ಅಥ್ಲೆಟಿಕ್ ಕ್ಲಬ್ಬಿನಲ್ಲಿ ಇಬ್ಬರೂ ಎದುರಾದರು. ಒಬ್ಬನು ನೆಲಕ್ಕೊರಗುವ ತನಕ ಕಾಳಗ ನಡೆಯಬೇಕೆಂಬ ಒಪ್ಪಂದ. ಹತ್ತು ಸುತ್ತು ಕಳೆಯಿತು, ಮೂವತ್ತು ಕಳೆಯಿತು, ಐವತ್ತು ಕಳೆಯಿತು. ಬರಬರುತ್ತ ಕೈ ಎತ್ತುವುದೇ ಇಬ್ಬರಿಗೂ ಕಷ್ಟವಾಯಿತು. 61ನೆಯ ಸುತ್ತಿನಲ್ಲಿ, ನಾಲ್ಕು ಗಂಟೆಗಳ ಸೆಣಸಾಟದ ಬಳಿಕ, ತೀರ್ಪುಗಾರ ಪಂದ್ಯವನ್ನು ನಿಲ್ಲಿಸಿದ. ಗೆದ್ದವರಿಲ್ಲ, ಸೋತವರಿಲ್ಲ.

ಆದರೆ ಆ ಇರುಳು ಇಬ್ಬರಿಗೂ ಒಂದೇ ಫಲವನ್ನು ಕೊಡಲಿಲ್ಲ. ಮುಂದಿನ ವರ್ಷ, 1892ರ ಸೆಪ್ಟೆಂಬರಿನಲ್ಲಿ, ಕಾರ್ಬೆಟ್‌ಗೆ ಸಲಿವನ್ನನ ಎದುರು ನಿಲ್ಲುವ ಅವಕಾಶ ದೊರೆಯಿತು. ಆತ ಗೆದ್ದು ಜಗತ್ತಿನ ಚಾಂಪಿಯನ್ ಆದ. ಅವನಿಗೆ ಸರಿಸಮನಾಗಿ ನಿಂತ ಜಾಕ್ಸನ್ನನಿಗೆ ಕಿರೀಟದ ಪಂದ್ಯವೇ ದೊರೆಯಲಿಲ್ಲ. ಇಬ್ಬರ ನಡುವೆ ಮತ್ತೆ ಮಾತುಕತೆ ನಡೆದುದುಂಟು. ಕಾರ್ಬೆಟ್ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಡೋಣವೆಂದ. ಕರಿಯನ ಪ್ರಾಣಕ್ಕೆ ಬೆಲೆಯಿಲ್ಲದ ಆ ಸೀಮೆಗೆ ಜಾಕ್ಸನ್ ಒಪ್ಪಲಿಲ್ಲ. ಮಾತು ಅಲ್ಲಿಗೇ ಮುರಿಯಿತು.

ಜಾಕ್ಸನ್ನನ ಬಾಳಿನ ಬಹು ದೊಡ್ಡ ಇರುಳು 1892ರ ಮೇ 30. ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬಿನಲ್ಲಿ ಫ್ರಾಂಕ್ ಸ್ಲಾವಿನ್ನನೊಡನೆ ಕಾಳಗ. ಇವನೂ ಆಸ್ಟ್ರೇಲಿಯದವನೇ, ಹಳೆಯ ವೈರಿ. ಹತ್ತನೆಯ ಸುತ್ತಿನಲ್ಲಿ ಸ್ಲಾವಿನ್ ಹೊಡೆತ ತಿಂದು ತತ್ತರಿಸಿದ. ಕಣ್ಣು ಮಂಜಾಗಿತ್ತು, ಕೈ ಜೋತುಬಿದ್ದಿತ್ತು. ಆದರೂ ಕಾಲು ನೆಲ ಬಿಡಲೊಲ್ಲದು. ಎದುರಿಗಿದ್ದವನನ್ನು ಮುಗಿಸಲು ಒಂದು ಗುದ್ದು ಸಾಕಾಗಿತ್ತು. ಜಾಕ್ಸನ್ ಕೈ ತಡೆದ. ಹಿಂದೆ ಸರಿದು, ಇನ್ನು ಸಾಲದೆ ಎಂಬಂತೆ ತೀರ್ಪುಗಾರನ ಕಡೆ ನೋಡಿದ. ಮುಂದುವರಿಸು ಎಂಬ ಆಜ್ಞೆಯಾಯಿತು. ಆಗ ಬಲವನ್ನು ಅಳೆದು ಅಳೆದು ಒಂದೆರಡು ಏಟು ಕೊಟ್ಟ. ವೈರಿ ಮೆಲ್ಲನೆ ಕುಸಿದ.

ಆ ಒಂದು ಕ್ಷಣವನ್ನು ಕಂಡವರು ಜೀವಮಾನವೆಲ್ಲ ಹೇಳಿಕೊಂಡು ತಿರುಗಿದರು. ‘ಕಪ್ಪು ರಾಜಕುಮಾರ’ ಎಂದು ಆತನನ್ನು ಹೊಗಳಿದರು. ಆದರೆ ಹೊಗಳಿಕೆಯ ಒಳಗೊಂದು ಮುಳ್ಳೂ ಇತ್ತಲ್ಲವೆ? ಆತ ಸಭ್ಯನೆಂದು, ತಾಳ್ಮೆಯುಳ್ಳವನೆಂದು, ತನ್ನ ಎಲ್ಲೆಯನ್ನರಿತವನೆಂದು ಮೆಚ್ಚಿದವರು ಅವನ ಹಕ್ಕಿಗಾಗಿ ಬಾಯಿ ಬಿಡಲಿಲ್ಲ. ಸೌಜನ್ಯಕ್ಕೆ ಚಪ್ಪಾಳೆ ದೊರೆಯಿತು, ನ್ಯಾಯ ದೊರೆಯಲಿಲ್ಲ.

ಮೂವತ್ತೊಂದರ ಪ್ರಾಯದಲ್ಲಿ, ಬಲದ ಶಿಖರದಲ್ಲಿದ್ದಾಗ, ಆ ಜಟ್ಟಿಗೆ ಕೆಲಸವಿಲ್ಲದಂತಾಯಿತು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ನಾಟಕದಲ್ಲಿ ಗುಲಾಮ ಟಾಮನ ವೇಷ ಧರಿಸಿ ಅಮೆರಿಕದ ಊರೂರು ಸುತ್ತಿದ. ಅದೇ ರಂಗದ ಮೇಲೆ ಮುಷ್ಟಿವಿದ್ಯೆಯ ಪ್ರದರ್ಶನವನ್ನೂ ಕೊಟ್ಟ. ಗುಲಾಮಗಿರಿ ಅಳಿದ ದ್ವೀಪದಲ್ಲಿ ಹುಟ್ಟಿದವನು ಹೊಟ್ಟೆಪಾಡಿಗಾಗಿ ಗುಲಾಮನ ವೇಷ ತೊಡಬೇಕಾಯಿತು! ಕುಡಿತ ಹತ್ತಿತು, ದೇಹ ಸಡಿಲಿತು. ಇತ್ತ 1897ರಲ್ಲಿ ಕಾರ್ಬೆಟ್‌ನನ್ನು ಸೋಲಿಸಿ ಕಿರೀಟ ತೊಟ್ಟವನು ಯಾರು? ಅದೇ ಫೋಲಿಯ ಗರಡಿಯ ಬಾಬ್ ಫಿಟ್ಸಿಮನ್ಸ್. ಗುರು ಒಬ್ಬನೇ, ದಾಟಿದ ಕಡಲು ಒಂದೇ, ಇಳಿದ ಬಂದರೂ ಒಂದೇ. ಮೈಬಣ್ಣವೊಂದು ಮಾತ್ರ ಬೇರೆ.

1898ರ ಮಾರ್ಚಿನಲ್ಲಿ ಜಾಕ್ಸನ್ ಕಡೆಯ ಬಾರಿಗೆ ಎಂಬಂತೆ ಸಾನ್‌ಫ್ರಾನ್ಸಿಸ್ಕೋದಲ್ಲಿ ದೊಡ್ಡ ಕಾಳಗಕ್ಕೆ ಇಳಿದ. ಎದುರಿಗಿದ್ದವನು 22 ವರ್ಷದ ಜಿಮ್ ಜೆಫ್ರೀಸ್, ಮರುವರ್ಷ ಚಾಂಪಿಯನ್ ಆಗಲಿದ್ದವನು. ಮೂರನೆಯ ಸುತ್ತಿಗೆ ಎಲ್ಲವೂ ಮುಗಿಯಿತು. ಬಳಲಿದ ಹಕ್ಕಿ ಗೂಡಿಗೆ ಮರಳುವಂತೆ ಆತ ಆಸ್ಟ್ರೇಲಿಯಕ್ಕೆ ಹಿಂತಿರುಗಿದ. ಸರ್ಕಸ್ಸಿನೊಡನೆ ಕೆಲಕಾಲ ತಿರುಗಿದ. ಅಷ್ಟರಲ್ಲಿ ಕ್ಷಯರೋಗವು ಎದೆಯನ್ನು ಹೊಕ್ಕಿತ್ತು. ಒಣಹವೆಯನ್ನರಸಿ ಕ್ವೀನ್ಸ್‌ಲೆಂಡಿನ ರೋಮಾ ಎಂಬ ಊರಿಗೆ ಹೋದ. ಅಲ್ಲಿಯೇ 1901ರ ಜುಲೈ 13ರಂದು ಕಣ್ಣು ಮುಚ್ಚಿದ.

ಅದೇ ವರ್ಷದ ಡಿಸೆಂಬರಿನಲ್ಲಿ ಆಸ್ಟ್ರೇಲಿಯವು ವಲಸೆ ನಿರ್ಬಂಧ ಕಾಯಿದೆಯನ್ನು ಮಾಡಿತು. ಅಧಿಕಾರಿಯು ಯಾವುದಾದರೂ ಐರೋಪ್ಯ ಭಾಷೆಯಲ್ಲಿ ಹೇಳಿದ 50 ಪದಗಳನ್ನು ಬರೆಯಲಾರದವನಿಗೆ ಪ್ರವೇಶವಿಲ್ಲ. ಬಣ್ಣದ ಹೆಸರೆತ್ತದೆಯೇ ಬಣ್ಣದವರನ್ನು ಹೊರಗಿಡುವ ಉಪಾಯ ಅದು. ನಮ್ಮ ದೇಶದವರನ್ನೂ ಆ ಬಾಗಿಲು ತಡೆಯಿತು. ಇಪ್ಪತ್ತು ವರ್ಷ ತಡವಾಗಿ ಬಂದಿದ್ದರೆ ಜಾಕ್ಸನ್ ಹಡಗಿನಿಂದ ಇಳಿಯುತ್ತಲೇ ಇರಲಿಲ್ಲವೇನೋ! ಸತ್ತವನಿಗೆ ಕಲ್ಲು ನಿಲ್ಲಿಸಿದ ನಾಡು ಅವನಂಥ ಬದುಕಿರುವವರಿಗೆ ಕದ ಹಾಕಿತು.

1907ರಲ್ಲಿ ಅಮೆರಿಕದ ಇನ್ನೊಬ್ಬ ಕರಿಯ ಮಲ್ಲ ಟೂವಾಂಗಿಗೆ ಬಂದು ಆ ಸಮಾಧಿಯ ಮುಂದೆ ನಿಂತ. ಅವನ ಹೆಸರು ಜಾಕ್ ಜಾನ್ಸನ್. ಇವನು ಬಾಗಿಲು ತೆರೆಯಲೆಂದು ಕಾದು ಕೂರುವವನಲ್ಲ. ಚಾಂಪಿಯನ್ ಟಾಮಿ ಬರ್ನ್ಸ್ ಹೋದೆಡೆಗೆಲ್ಲ ಬೆನ್ನಟ್ಟಿ ಹೋದವನು. 1908ರ ಡಿಸೆಂಬರ್ 26ರಂದು, ಜಾಕ್ಸನ್ ಮುಷ್ಟಿ ಕಟ್ಟಲು ಕಲಿತ ಅದೇ ಸಿಡ್ನಿಯಲ್ಲಿ, 14ನೆಯ ಸುತ್ತಿನಲ್ಲಿ ಪೋಲೀಸರು ನಡುವೆ ಬಂದು ಕಾಳಗ ನಿಲ್ಲಿಸಿದಾಗ, ಕಿರೀಟವು ಮೊದಲ ಬಾರಿಗೆ ಕರಿಯನೊಬ್ಬನ ತಲೆಯೇರಿತು.

ಸಮಾಧಿಯಲ್ಲಿ ಮಲಗಿದವನಿಗೆ ಅದರ ಸುದ್ದಿ ಮುಟ್ಟಲಿಲ್ಲ. ಆ ರೇಖೆಯನ್ನು ಆತ ದಾಟಲಾಗಲಿಲ್ಲ, ನಿಜ. ಆದರೆ ಅದು ಇರುವುದನ್ನು ಎಲ್ಲರ ಕಣ್ಣಿಗೂ ತೋರಿಸಿಕೊಟ್ಟು ಹೋದ. ಮುಂದಿನವನು ದಾಟಲು ಅಷ್ಟಾದರೂ ಬೇಕಿತ್ತು.