ಫಾರ್ಮ್ 888ರ ಚಿಕ್ಕಮ್ಮ

ಮೆಲ್ಬರ್ನಿನಲ್ಲಿ ತಲೆ ನರೆಯುವಷ್ಟು ಕಾಲ ಇದ್ದವರಿಗೆ ಕೆಲವು ಕೆಲಸಗಳು ಕೇಳದೆಯೇ ಬಂದು ಅಂಟಿಕೊಳ್ಳುತ್ತವೆ. ಊರಿಂದ ಬರುವವರನ್ನು ಏರ್‌ಪೋರ್ಟಿನಿಂದ ಕರೆತರುವುದು, ಯುಗಾದಿಯ ಸಂಘದೂಟಕ್ಕೆ ಕೋಸಂಬರಿ ಮಾಡುವುದು, ಮತ್ತೆ ಹೊಸ ಜೋಡಿಗಳ ಸಂಸಾರ ನಿಜವಾದದ್ದೇ ಎಂದು ಸರ್ಕಾರಕ್ಕೆ ಬರೆದುಕೊಡುವುದು. ಈ ಕೊನೆಯದಕ್ಕೊಂದು ನಮೂನೆಯಿದೆ, ಫಾರ್ಮ್ 888. ಗಂಡ ಹೆಂಡಿರಲ್ಲಿ ಒಬ್ಬರು ಇಲ್ಲಿಯವರಾಗಿ ಇನ್ನೊಬ್ಬರು ಪಾರ್ಟ್‌ನರ್ ವೀಸಾಕ್ಕೆ ಅರ್ಜಿ ಹಾಕಿದಾಗ ಅವರನ್ನು ಬಲ್ಲವರು ಅದನ್ನು ತುಂಬಿಕೊಡಬೇಕು. ಎಷ್ಟು ಕಾಲದ ಪರಿಚಯ, ಎಷ್ಟು ಸಲ ಕಾಣುತ್ತೀರಿ, ಇವರ ಸಂಬಂಧ ನಿಜವೆಂದು ನಂಬುತ್ತೀರಾ, ನಂಬಿದರೆ ಏಕೆ? ನನ್ನ ಪೆನ್ನು ತಡವರಿಸುವುದು ಆ ಕೊನೆಯ ಪ್ರಶ್ನೆಗೆ.

ಕೆಲವು ವರ್ಷದ ಹಿಂದೆ ಅಕ್ಕನ ಮಗ ಇದೇ ಕೆಲಸಕ್ಕೆ ಬಂದು ಕೂತ. ಅವನು ದಾವಣಗೆರೆಯವನು. ಹೆಂಡತಿ ಕುಂದಾಪುರದ ಕಡೆಯವಳು, ಇಲ್ಲಿಗೆ ಓದಲು ಬಂದವಳು. ಜಾತಕ ಕೂಡಿಸಿದ್ದು ಹಿರಿಯರು, ಮದುವೆಯಾದದ್ದು ಊರಲ್ಲಿ. ‘ಚಿಕ್ಕಮ್ಮ, ಎಂಟು ಸಾವಿರ ಡಾಲರ್ ಮೇಲಿದೆ ಫೀಸು. ಆಗ್ಲಿಲ್ಲ ಅಂದ್ರೆ ವಾಪಸ್ ಕೊಡಲ್ಲ. ಸ್ವಲ್ಪ ಗಟ್ಟಿಯಾಗಿ ಬರಿ’ ಅಂದ. ಈಗಂತೂ ಅದು 9,000 ದಾಟಿದೆ.

ಅವನ ಲ್ಯಾಪ್‌ಟಾಪಿನಲ್ಲಿ ನಾಲ್ಕು ಫೋಲ್ಡರ್‌ಗಳಿದ್ದವು. ಆಸ್ಟ್ರೇಲಿಯಾದ 1994ರ ವಲಸೆ ನಿಯಮಗಳು ದಾಂಪತ್ಯವನ್ನು ಪಾಲು ಮಾಡಿರುವುದೇ ಹಾಗೆ: ಹಣಕಾಸು, ಮನೆವಾರ್ತೆ, ನಾಲ್ಕು ಜನರೆದುರಿನ ಬಾಳು, ಪರಸ್ಪರ ಬದ್ಧತೆ. ಜಂಟಿ ಖಾತೆ, ಬಾಡಿಗೆ ಕರಾರು, ಇಬ್ಬರ ಹೆಸರಿರುವ ಬಿಲ್ಲುಗಳು ಇದ್ದರೆ ಅರ್ಧ ಗೆದ್ದಂತೆ. ನಮ್ಮ ಮದುವೆಗಳು ತಿಣುಕುವುದು ಇಲ್ಲೇ. ಸೊಸೆ ಅತ್ತೆಮನೆಯಲ್ಲಿ ತಿಂಗಳುಗಟ್ಟಲೆ ಬಾಳಿದ್ದರೂ ಬೆಸ್ಕಾಂ ಬಿಲ್ಲು ಮಾವನ ಹೆಸರಲ್ಲಿ, ಗ್ಯಾಸು ಅತ್ತೆಯ ಹೆಸರಲ್ಲಿ. ಮದುವೆಗೆ ಮುಂಚಿನ ಫೋಟೊ ಎಂದರೆ ನಿಶ್ಚಿತಾರ್ಥದ್ದೊಂದೇ. ಅದರಲ್ಲೂ ಇಬ್ಬರ ನಡುವೆ ಸೋದರತ್ತೆ ಕೂತಿದ್ದಾರೆ. ಧಾರೆಯ ಫೋಟೊದಲ್ಲಿ ಬಳಗವೆಲ್ಲ ಕ್ಯಾಮೆರಾ ನೋಡುತ್ತಿದೆ, ಮದುಮಕ್ಕಳು ಬೆವರುತ್ತಿದ್ದಾರೆ. ವಾಟ್ಸ್ಆ್ಯಪ್ ಮಾತುಕತೆ ತೋರಿಸೋಣವೆಂದರೆ ಪುಟಗಟ್ಟಲೆ ‘ಊಟ ಆಯ್ತಾ’, ‘ಆಯ್ತು, ನಿಂದು?’ ಅದನ್ನೂ ಮಾನ್ಯತೆ ಪಡೆದ ಅನುವಾದಕರಿಂದ ದುಡ್ಡು ಕೊಟ್ಟು ಇಂಗ್ಲಿಷ್ ಮಾಡಿಸಬೇಕು.

ನನಗೆ ಇವರ ಮೇಲೆ ನಂಬಿಕೆ ಬಂದದ್ದು ಅವರ ಅಡುಗೆಮನೆಯಲ್ಲಿ. ಕಟ್ಟೆಯ ಮೇಲೆ ಎರಡು ಡಬ್ಬ: ಒಂದರಲ್ಲಿ ಅವಳ ಕುಚ್ಚಲಕ್ಕಿ, ಇನ್ನೊಂದರಲ್ಲಿ ಅವನ ಜೋಳದ ಹಿಟ್ಟು. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆಂದು ಅವನು ಆಫೀಸಿಗೆ ಹೊರಡುವ ಮುಂಚೆ ನೆನೆಹಾಕಿ ಹೋಗುತ್ತಾನೆ. ಅವಳು ರೊಟ್ಟಿ ಬಡಿಯುತ್ತಾಳೆ, ಅಂಚು ಸೀಳುತ್ತದೆ. ಸೀಳಿದ್ದನ್ನೇ ಅವನು ಮೊದಲು ತಟ್ಟೆಗೆ ಹಾಕಿಕೊಳ್ಳುತ್ತಾನೆ, ಏನೂ ಹೇಳದೆ. ನಾನು ಇದಿಷ್ಟನ್ನೂ ಇಂಗ್ಲಿಷಿನಲ್ಲಿ ಬರೆದೆ. ‘ಇದೆಲ್ಲ ಅಧಿಕಾರಿಗೆ ಯಾಕೆ ಚಿಕ್ಕಮ್ಮ’ ಎಂದು ಅವನಿಗೆ ನಾಚಿಕೆ. ‘ಇರ್ಲಿ ಬಿಡ್ರಿ’ ಎಂದು ಅವಳು ಟಾರ್ನೀಟಿನ ಅಂಗಡಿಯ ಒಂದು ಚೀಟಿ ತಂದಿಟ್ಟಳು. ಅದರಲ್ಲಿ ಕುಚ್ಚಲಕ್ಕಿ, ಜೋಳದ ಹಿಟ್ಟು ಒಂದರ ಕೆಳಗೊಂದು ಇದ್ದವು. ಆ ಚೀಟಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆಂದು ಆಗಾಗಲೇ ಫೋಟೊ ತೆಗೆದಿಡುತ್ತಿದ್ದಳಂತೆ. ಜಾಣೆ.

ಇಷ್ಟೆಲ್ಲ ಕೇಳುವುದು ಅತಿಯಾಯಿತು ಅನ್ನುವವರ ಪೈಕಿ ನಾನಲ್ಲ. ದುಡ್ಡು ಕೊಟ್ಟು ಕಾಗದದ ಮೇಲಷ್ಟೇ ಮದುವೆಯಾಗುವವರು ಇದ್ದೇ ಇದ್ದಾರೆ. ಆದರೆ ಗಡಿಯಲ್ಲಿ ನಿಂತು ಮದುವೆಯನ್ನು ಅಳೆಯುವವರು ಏನೇನು ಮಾಡಿದ್ದಾರೆ ಎಂಬುದೂ ಗೊತ್ತಿರಬೇಕು. 1913ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸರ್ಲ್ ಕೊಟ್ಟ ತೀರ್ಪಿನಿಂದ, ಕ್ರೈಸ್ತ ವಿಧಿಯಲ್ಲಿ ನಡೆಯದ, ಅಲ್ಲಿ ನೋಂದಣಿಯಾಗದ ಭಾರತೀಯರ ಮದುವೆಗಳಿಗೆ ಬೆಲೆಯೇ ಇಲ್ಲವಾಯಿತು. ಕಸ್ತೂರಬಾ ಅಂಥವರೂ ಕಾನೂನಿನ ಕಣ್ಣಲ್ಲಿ ಹೆಂಡತಿಯಲ್ಲ. ಅವರು ಸತ್ಯಾಗ್ರಹಕ್ಕಿಳಿದು ಜೈಲಿಗೆ ಹೋದದ್ದು ಆಗಲೇ. ಮರುವರ್ಷದ ಕಾಯ್ದೆ ಅದನ್ನು ಸರಿಮಾಡಿತು. 1979ರಲ್ಲಿ ಲಂಡನ್ನಿನ ಹೀಥ್ರೂನಲ್ಲಿ, ಮದುವೆಯಾಗಲೆಂದು ಬಂದಿಳಿದ ಭಾರತದ ಶಿಕ್ಷಕಿಯೊಬ್ಬರಿಗೆ ಕನ್ಯತ್ವ ಪರೀಕ್ಷೆ ಮಾಡಿದರು. ಸುದ್ದಿ ಪತ್ರಿಕೆಗೆ ಬಂದು ರಂಪವಾದ ಮೇಲೆ ನಿಲ್ಲಿಸಿದರು. ಅದನ್ನು ನೆನೆದರೆ ಕರೆಂಟ್ ಬಿಲ್ಲು ಕೇಳುವ ಸರ್ಕಾರ ಎಷ್ಟೋ ಮರ್ಯಾದಸ್ಥ.

ಕರೆಂಟ್ ಬಿಲ್ಲಿನ ತೊಂದರೆ ಬೇರೆ. ನಾನು ಬರೆದುಕೊಟ್ಟ ಇನ್ನೊಂದು ಹೇಳಿಕೆ ಹೀಗೆ ನಗುನಗುತ್ತಾ ಆದದ್ದಲ್ಲ. ನಮಗೆ ಪರಿಚಯದವಳೊಬ್ಬಳು, ಗಂಡನ ಮೇಲೆಯೇ ವೀಸಾ ನಿಂತಿದ್ದವಳು, ಮನೆ ಬಿಟ್ಟು ಹೊರಬಂದಿದ್ದಳು. ಸಂಸಾರ ಹಿಂಸೆಯಿಂದ ಮುರಿದಿದ್ದರೆ ವೀಸಾ ತಪ್ಪಿಸಬಾರದೆಂದು ಇಲ್ಲಿ ನಿಯಮವಿದೆ. ನ್ಯಾಯಾಲಯದ ಆದೇಶವೋ, ವೈದ್ಯರು ಸಮಾಜಕಾರ್ಯಕರ್ತರಂಥವರ ಹೇಳಿಕೆಯೋ ಇದ್ದರೆ ಅದನ್ನು ಪರಿಗಣಿಸುತ್ತಾರೆ. ಆದರೆ ಹೊಡೆತ ಬಿದ್ದದ್ದನ್ನು ತೋರಿಸಿದರೆ ಮುಗಿಯಲಿಲ್ಲ. ಮುರಿಯುವ ಮುಂಚೆ ಆ ಸಂಸಾರ ನಿಜವಾಗಿತ್ತು ಎಂದೂ ಅವಳೇ ತೋರಿಸಬೇಕು. ಯಾವ ಕಾಗದದಿಂದ? ಖಾತೆ ಅವನದು, ಕರಾರು ಅವನದು, ಅವಳ ಕೈಯಲ್ಲಿದ್ದ ಫೋನಿನ ಸಿಮ್ಮೂ ಅವನ ಹೆಸರಿನದು. ಸಮನಾಗಿ ಬಾಳಿದವರ ಮನೆಯಲ್ಲಿ ದಾಖಲೆ ತಾನಾಗಿ ಬೆಳೆಯುತ್ತದೆ. ಬಾಯಿ ಮುಚ್ಚಿಸಿಕೊಂಡವಳ ಹೆಸರು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಯಾರಿಗೆ ವೀಸಾದ ಆಸರೆ ಹೆಚ್ಚು ಬೇಕೋ ಅವರ ಫೋಲ್ಡರ್ರೇ ಖಾಲಿ. ಈ ನಾಲ್ಕು ತಲೆಬರಹಗಳ ಬಗ್ಗೆ ನನ್ನ ತಕರಾರು ಅದೊಂದೇ, ಆದರೆ ಸಣ್ಣದಲ್ಲ.

ನಾನು ಏನು ಬರೆಯಬಹುದಿತ್ತು? ಅವಳು ಕೆಲಸ ಮುಗಿಸಿ ಬರುವ ಹೊತ್ತಿಗೆ ಅವನು ದಿನಾ ಸ್ಟೇಷನ್ನಿನೆದುರು ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಮಳೆಯಿರಲಿ ಚಳಿಯಿರಲಿ ಒಂದು ದಿನ ತಪ್ಪಿದ್ದಿಲ್ಲ. ‘ಎಂಥ ಗಂಡ ನೋಡ್ರೀ’ ಎಂದು ನಮ್ಮ ಹೆಂಗಸರಲ್ಲಿ ಮಾತಾಗುತ್ತಿತ್ತು. ಅವಳು ಒಂದು ರೈಲು ತಡವಾಗಿ ಇಳಿದ ದಿನ ಮನೆಯಲ್ಲಿ ಏನಾಗುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಇಬ್ಬರೂ ಒಂದೇ ಮನೆಯಲ್ಲಿದ್ದರು, ದಿನಾ ಒಟ್ಟಿಗೆ ಮನೆಗೆ ಹೋಗುತ್ತಿದ್ದರು ಎಂಬುದಕ್ಕೆ ಆ ಕಾರೇ ಸಾಕ್ಷಿ. ಅವಳಿಗೆ ಉಸಿರಾಡಲೂ ಬಿಡುತ್ತಿರಲಿಲ್ಲ ಎಂಬುದಕ್ಕೂ ಅದೇ. ವಕೀಲೆ ನನ್ನ ಬರಹ ಓದಿ, ಕಂಡದ್ದನ್ನಷ್ಟೇ ಇಟ್ಟು ಹೊಗಳಿಕೆ ತೆಗೆಯಿರಿ ಎಂದರು. ಹೊಗಳಿಕೆ ತೆಗೆದೆ. ಕಾರಿನ ಬಣ್ಣ, ಸಾಯಂಕಾಲದ ಹೊತ್ತು, ಸ್ಟೇಷನ್ನಿನ ಹೆಸರು ಉಳಿದವು. ಅದರ ಜತೆಗೆ ಒಂದು ವರಮಹಾಲಕ್ಷ್ಮಿ ಪೂಜೆಯ ಫೋಟೊ: ಅವಳು ಅರಿಶಿನ ಕುಂಕುಮ ಹಿಡಿದು ನಿಂತಿದ್ದಾಳೆ, ಹಿಂದೆ ಅವನು ಪಂಕ್ತಿಗೆ ಮಜ್ಜಿಗೆ ಬಡಿಸುತ್ತಿದ್ದಾನೆ. ಅವಳಿಗೆ ಕೊನೆಗೆ ವೀಸಾ ಸಿಕ್ಕಿತು.

ಆವತ್ತಿನಿಂದ ಹೊಸದಾಗಿ ಬಂದ ಹುಡುಗಿಯರು ಸಂಘಕ್ಕೆ ಬಂದರೆ, ಹೂವು ಮುಡಿಸುವ ಮೊದಲು ಕರೆಂಟ್ ಬಿಲ್ಲಿಗೆ ಹೆಸರು ಸೇರಿಸಿಕೊಂಡೆಯಾ ಎಂದು ಕೇಳುತ್ತೇನೆ. ಮಗನ ಮನೆಗೆಂದು ಬಂದಿದ್ದ ಒಬ್ಬ ಅತ್ತೆಗೆ ಸಿಟ್ಟು ಬಂತು. ‘ಬಂದ ವಾರಕ್ಕೇ ಲೆಕ್ಕ ಕೇಳೋದು ಹೇಳ್ಕೊಡ್ತೀರಲ್ಲ’ ಅಂದರು. ಹೌದು ಅಂದೆ.

ಈ ವೀಸಾದ ಎರಡನೇ ಹಂತ ಅರ್ಜಿ ಹಾಕಿ ಎರಡು ವರ್ಷ ತುಂಬಿದ ಮೇಲೆ. ಸಂಸಾರ ಇನ್ನೂ ನಡೆದಿದೆಯೇ ಎಂದು ಆಗ ಮತ್ತೆ ಕೇಳುತ್ತಾರೆ. ಅಕ್ಕನ ಮಗ ಫೋನ್ ಮಾಡಿದ. ‘ಚಿಕ್ಕಮ್ಮ, ಇದಕ್ಕೂ ನೀನೇ ಬರ್ದುಕೊಡಬೇಕು. ಹೋದ ಸಲದ್ದೇ ಸ್ವಲ್ಪ ತಿದ್ದಿದ್ರೆ ಆಯ್ತು.’

‘ಬರೀತೀನಿ ಕಣೋ’ ಅಂದೆ. ‘ಮೊದ್ಲು ಅವಳಿಗೆ ಫೋನ್ ಕೊಡು. ಸ್ಪೀಕರ್ ಬೇಡ.’